ಅವ್ವನ ಒಂದು ಪ್ರಶ್ನೆ ಹೊತ್ತು ಹನ್ನೊಂದು ದಿನ

ಕೊಣ್ಣೂರ ಬಸ್ ಸ್ಟಾಪು

ಇಂಗ್ಲೆಂಡಿಗೆ ಹೊರಟ ನನ್ನನ್ನು ಬೀಳ್ಕೊಟ್ಟವನು ಬಾಳಪ್ಪ ಒಬ್ಬನೇ. ಅದೂ ನನ್ನ ಸಲುವಾಗಿ ಬಂದವನಲ್ಲ. ದಿನಾ ಮುಂಜಾನೆ ಅವನು ಕೊಣ್ಣೂರ ಬಸ್ ಸ್ಟಾಪಿನಲ್ಲೇ ಇರುತ್ತಾನೆ. ತಿರುವಿನಲ್ಲಿ ಬಸ್ಸು ಕಾಣುವ ಮೊದಲೇ ಸಪ್ಪಳದ ಮೇಲೆ ಅದು ಯಾವ ಬಸ್ಸೆಂದು ಗುರುತು ಹಿಡಿಯುತ್ತಾನೆ. ಬೋರ್ಡು ಓದಲು ಬರುವುದಿಲ್ಲ, ಆದರೆ ಒಮ್ಮೆಯೂ ತಪ್ಪುವುದಿಲ್ಲ.

"ಬಂತ್ರೀ, ಗೋಕಾಕ ಬಂತ್ರೀ! ದಾರಿ ಬಿಡ್ರಿ!"

ಹೀಗೆ ಕೂಗಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ಜನ ಹತ್ತುತ್ತಾರೆ, ಬಸ್ಸು ಹೋಗುತ್ತದೆ, ಅವನು ಮುಂದಿನ ಬಸ್ಸಿಗೆ ಕಿವಿಗೊಡುತ್ತಾನೆ. ತಾನು ಹತ್ತುವುದಿಲ್ಲ. ಬಸ್ಸೆಂದರೆ ಬೇರೆಯವರು ಹತ್ತುವುದು ಎಂದು ಅವನ ಲೆಕ್ಕ. ಅಂದು ನಾನು ದೊಡ್ಡ ಸೂಟ್‌ಕೇಸು ಎಳೆದುಕೊಂಡು ಬಂದರೂ ಅವನಿಗೆ ನಾನು ಗೋಕಾಕಕ್ಕೆ ಹೋಗುವ ಇನ್ನೊಬ್ಬ ಪ್ಯಾಸೆಂಜರ್ ಅಷ್ಟೇ.

ಬಾಳಪ್ಪ ನನ್ನ ಅಣ್ಣ, ನನಗಿಂತ ಮೂರು ವರ್ಷ ದೊಡ್ಡವನು. ಅಣ್ಣ ಅಂತ ಬರೆದೆನೇ ಹೊರತು ಕರೆಯುವುದು ಬಾಳೂ ಅಂತ. ಊರೆಲ್ಲ ಹಾಗೇ ಕರೆಯುತ್ತದೆ, ಇನ್ನೂ ಮೀಸೆ ಮೂಡದವರೂ ಏಕವಚನದಲ್ಲೇ ಮಾತಾಡಿಸುತ್ತಾರೆ. ಬುದ್ಧಿ ಬೆಳೆಯಲಿಲ್ಲ ಅಂತ ಡಾಕ್ಟರು, ಮಳ್ಳ ಅಂತ ಓಣಿಯವರು. ಅವನು ಯಾವುದಕ್ಕೂ ಸಿಟ್ಟಾಗುವುದಿಲ್ಲ. ಸಿಟ್ಟಿನ ಗುತ್ತಿಗೆ ನಮ್ಮ ಮನೆಯಲ್ಲಿ ನನ್ನೊಬ್ಬಳದು.

ನನ್ನ ಕೆಲಸವೂ ಅವನಂಥವರದೇ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕಿನ ಹಳ್ಳಿಗಳಲ್ಲಿ ಸಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದು ದೊಡ್ಡ ಮಾತು. ಮೂಡಲಗಿ ಕಡೆಯ ಒಂದು ಮನೆಯಲ್ಲಿ ಹುಡುಗನಿಗೆ ಅಂಗಿಯ ಗುಂಡಿ ಹಾಕಲು ಕಲಿಸಲು ಒಂದು ವರ್ಷ ಬೇಕಾಯಿತು. ಹುಕ್ಕೇರಿ ಕಡೆಯ ಇನ್ನೊಂದು ಮನೆಯಲ್ಲಿ ತಾಯಿ ಕಬ್ಬು ಕಡಿಯಲು ಹೋಗುವಾಗ ಮಗಳನ್ನು ಹಳೇ ಸೀರೆಯಿಂದ ಹೊರಸಿನ ಕಾಲಿಗೆ ಕಟ್ಟಿ ಹೋಗುತ್ತಾಳೆ. "ಬಾವಿ ಐತ್ರಿ ಟೀಚರ, ಏನ್ ಮಾಡ್ಲಿ?" ಎಂದಳು. ಗಂಟು ಸಡಿಲ ಮಾಡಿ ಕಟ್ಟು ಎಂದು ಹೇಳಿ ಬಂದೆ. ಯಾವ ಮಗುವಿಗಾದರೂ ಹದಿನೆಂಟು ದಾಟಿದ ಮೇಲೆ ಅದರ ಹೆಸರಿಗೆ ನನ್ನ ರಜಿಸ್ಟರಿನಲ್ಲಿ ಗೆರೆ ಎಳೆಯುತ್ತೇನೆ. ಅಲ್ಲಿಂದ ಮುಂದೆ ಅವರು ಯಾರ ರಜಿಸ್ಟರಿನಲ್ಲೂ ಇರುವುದಿಲ್ಲ.

ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಇಂಥವರಿಗೆ ಪುರಸಭೆ ಏನೇನು ಅನುಕೂಲ ಮಾಡಿದೆ ಎಂದು ನೋಡಿ ಬರಲು ಬೇರೆ ಬೇರೆ ಜಿಲ್ಲೆಯ ನಾಲ್ವರನ್ನು ನಮ್ಮ ಇಲಾಖೆಯವರು ಕಳಿಸಿದರು, ಅದರಲ್ಲಿ ನಾನೊಬ್ಬಳು. ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ನನ್ನನ್ನು ನಂಬಿ ತಮ್ಮ ಮನೆಯ ಮಾತು ಹೇಳಿದ್ದಾರೆ.

ಹೊರಡುವ ಹಿಂದಿನ ದಿನ ಗೋಕಾಕದ ನನ್ನ ಮನೆಯಿಂದ ತವರಿಗೆ ಬಂದಿದ್ದೆ. ಅವ್ವ ಹೊರಸಿನ ಮೇಲೆ ಕೂತು ನನ್ನನ್ನು ಹತ್ತಿರ ಕರೆದಳು. ಎದೆಬೇನೆಯಿಂದ ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಿದ್ದಳು.

"ಅಲ್ಲೆ ಏನ್ ನೋಡ್ತಿ ಬಿಡ್ತಿ ನಂಗೊತ್ತಿಲ್ಲ ಶೈಲಾ. ಒಂದ ಮಾತ ಕೇಳ್ಕೊಂಡ ಬಾ. ಇಂಥವರ ಅವ್ವ ಸತ್ತ ಮ್ಯಾಲ, ಅವರನ್ನ ಅಲ್ಲೆ ಯಾರ ನೋಡ್ತಾರ?"

"ಕೇಳಿ ಬರ್ತೀನವ್ವ. ಮತ್ತೇನ್ ತರ್ಲಿ?"

"ಏನೂ ಬ್ಯಾಡ. ಅಷ್ಟ ಕೇಳಿ ಬಾ."

ಮೊದಲ ದಿನ: ಹೊರಡದ ಬಸ್ಸು

ವಿಮಾನದ ವರ್ಣನೆ ಬೇಡ. ಕಿವಿ ಕಟ್ಟಿತು, ಊಟ ಸಪ್ಪೆ, ಕಿಟಕಿಯ ಸೀಟು ಸಿಗಲಿಲ್ಲ. ಸಾಗರದ ಮೇಲೆ ಹಾರಿದೆವಂತೆ, ನಾನು ನೋಡಿದ್ದು ಮುಂದಿನ ಸೀಟಿನ ಬೆನ್ನನ್ನು.

ಆ ಊರಿನಲ್ಲಿ ನಮ್ಮನ್ನು ನೋಡಿಕೊಳ್ಳಲು ಹೆಲೆನ್ ಎಂಬ ಹೆಣ್ಣುಮಗಳಿದ್ದಳು, ಪುರಸಭೆಯಲ್ಲಿ ನೌಕರಿ ಮಾಡುವವಳು. ಏನೇ ಮಾಡುವ ಮೊದಲು ಹೇಳಿ ಮಾಡುವುದು ಅವಳ ಅಭ್ಯಾಸ. "ಈಗ ಬಾಗಿಲು ತೆರೆಯುತ್ತೇನೆ," ಎಂದು ತೆರೆಯುತ್ತಿದ್ದಳು. "ಈಗ ಎಡಕ್ಕೆ ಹೋಗೋಣ," ಎಂದು ಎಡಕ್ಕೆ ಹೊರಡುತ್ತಿದ್ದಳು. ಇಪ್ಪತ್ತು ವರ್ಷ ಇಂಥವರ ಜೊತೆ ಕೆಲಸ ಮಾಡಿ ಬಂದ ರೂಢಿಯಂತೆ. ನನಗೂ ಬುದ್ಧಿ ಬೆಳೆದಿಲ್ಲ ಎಂದುಕೊಂಡಿದ್ದಾಳೋ ಏನೋ ಎಂದು ಮೊದಲ ದಿನ ಒಳಗೊಳಗೇ ಉರಿದುಕೊಂಡೆ.

ಅವಳು ನಮ್ಮನ್ನು ಊರ ಬಸ್ಸಿಗೆ ಹತ್ತಿಸಿದಳು. ನಾನು ನಮ್ಮೂರ ಪದ್ಧತಿಯಂತೆ ಒಳಗೆ ಹೋದವಳೇ ಕಂಬ ಗಟ್ಟಿಯಾಗಿ ಹಿಡಿದು, ಕಾಲು ಅಗಲಿಸಿ, ಎಳೆತಕ್ಕೆ ಸಿದ್ಧಳಾಗಿ ನಿಂತೆ. ಎಳೆತ ಬರಲಿಲ್ಲ. ಬಸ್ಸು ನಿಂತೇ ಇತ್ತು. ಮುಂದೆ ಏನೋ ಅಡ್ಡ ಬಂದಿರಬೇಕು ಎಂದು ಇಣುಕಿದೆ, ರಸ್ತೆ ಖಾಲಿ. ಹತ್ತಾರು ಜನ ಸುಮ್ಮನೆ ಕೂತಿದ್ದಾರೆ, ಯಾರೂ ಗೊಣಗುತ್ತಿಲ್ಲ. ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಾನೆ, ನಾನು ಅವನನ್ನೇ ನೋಡುತ್ತಿದ್ದೇನೆ. ಕೊನೆಗೆ ಒಬ್ಬ ಮುದುಕಿ ನನ್ನ ಸೆರಗು ಮೆಲ್ಲಗೆ ಜಗ್ಗಿ ಖಾಲಿ ಸೀಟು ತೋರಿಸಿದಳು. ನಾನು ಕೂತೆ. ಬಸ್ಸು ಹೊರಟಿತು.

ಹೆಲೆನ್ ನಗುತ್ತ ಹೇಳಿದಳು: ನಿಧಾನದವರು ಹತ್ತಿದರೆ ಅವರು ಕೂರುವವರೆಗೆ ಬಸ್ಸು ಬಿಡಬಾರದು ಎಂದು ಆ ಊರಿನ ಡ್ರೈವರುಗಳಿಗೆ ಕಲಿಸಿದ್ದಾರೆ. ಕಲಿಸಿದವರು ಯಾರು ಗೊತ್ತೇ? ಬುದ್ಧಿ ಬೆಳೆಯದ ಏಳು ಜನ. ತಾವೇ ಹೋಗಿ ಡ್ರೈವರುಗಳ ಮುಂದೆ ನಿಂತು, ಬಸ್ಸು ಜಗ್ಗಿದಾಗ ತಮಗೆ ಹೇಗಾಗುತ್ತದೆ ಎಂದು ಬಿದ್ದು ತೋರಿಸಿದರಂತೆ.

ನಮ್ಮಲ್ಲಿ ಒಂದು ಕಾಲು ಮೆಟ್ಟಿಲ ಮೇಲಿದ್ದಾಗಲೇ ಸೀಟಿ ಊದುತ್ತಾರೆ. ಬಾಳು ಹತ್ತದೆ ಹಿಂದೆ ಸರಿಯುವುದು ಇದಕ್ಕೇ ಇರಬಹುದೇ ಎಂದು ಆ ದಿನ ಮೊದಲ ಸಲ ಅನ್ನಿಸಿತು. ಅವನ ತಂಗಿಯಾಗಿ ಅರ್ಧ ಶತಮಾನ ಕಳೆಯುತ್ತ ಬಂದರೂ ಕೇಳಿರಲಿಲ್ಲ.

ಎರಡನೆಯ ದಿನ: ಚಿತ್ರದ ಕಾಗದ

ನನ್ನ ಇಂಗ್ಲಿಷು ಗೋಕಾಕದಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಇಂಗ್ಲೆಂಡಿನಲ್ಲಿ ಅದಕ್ಕೆ ಉಬ್ಬಸ ಬಂತು. ಅಂಗಡಿಯಲ್ಲಿ ಒಂದು ಉಣ್ಣೆಯ ಟೊಪ್ಪಿಗೆ ಆರಿಸಿ ಕೌಂಟರಿನ ಮೇಲಿಟ್ಟೆ. ಹುಡುಗಿ ಏನೋ ಕೇಳಿದಳು. ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದಳು, ಆಗಲೂ ತಿಳಿಯಲಿಲ್ಲ. ಮೂರನೆಯ ಸಲ ನನ್ನನ್ನು ಬಿಟ್ಟು ಹೆಲೆನಳ ಕಡೆ ತಿರುಗಿ ಕೇಳಿದಳು: "ಇವರಿಗೆ ಚೀಲ ಬೇಕಾ?"

ನಾನು ಅಲ್ಲೇ ನಿಂತಿದ್ದೆ, ಟೊಪ್ಪಿಗೆ ನನ್ನದು, ತಲೆ ನನ್ನದು. ಆದರೂ ಕೇಳಿದ್ದು ಹೆಲೆನಳನ್ನು. ಮೈಯೆಲ್ಲ ಬೆಂಕಿಯಾಯಿತು. ಬೇಡ ಎಂದು ಕನ್ನಡದಲ್ಲೇ ಜೋರಾಗಿ ಹೇಳಿ ಹೊರಬಂದೆ. ಸ್ವಲ್ಪ ದೂರ ನಡೆದ ಮೇಲೆ ಬೆಂಕಿ ಆರಿತು, ಆಮೇಲೆ ಆದದ್ದು ಸಂಕಟ. ನಮ್ಮೂರ ಹೋಟೆಲಿನಲ್ಲಿ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೆ: "ಅವಗ ಒಂದ ಅರ್ಧಾ ಚಾ ಕೊಡ್ರಿ, ಸಕ್ಕರಿ ಕಡಿಮಿ." ಬಾಳು ಬಾಜೂ ಕುರ್ಚಿಯಲ್ಲೇ ಕೂತಿರುತ್ತಿದ್ದ.

ಸಂಜೆಗೆ ಹೆಲೆನ್ ಕೆಲವು ಕಾಗದ ಕೊಟ್ಟಳು. ಪುರಸಭೆ ಈ ಜನರಿಗೆ ಬರೆಯುವ ಪತ್ರಗಳು. ದೊಡ್ಡ ಅಕ್ಷರ, ಸಣ್ಣ ಸಣ್ಣ ವಾಕ್ಯ, ಪ್ರತಿ ವಾಕ್ಯದ ಪಕ್ಕ ಒಂದು ಚಿತ್ರ. ಹಲ್ಲಿನ ಡಾಕ್ಟರ ಚಿತ್ರ, ಗಡಿಯಾರದ ಚಿತ್ರ. ಆ ಊರಿಗೆ ಬಂದ ಮೇಲೆ ನಾನು ಯಾರ ಸಹಾಯವೂ ಇಲ್ಲದೆ ಪೂರ್ತಿ ಓದಿ ತಿಳಿದುಕೊಂಡ ಕಾಗದಗಳು ಅವು ಮಾತ್ರ.

ನನಗೆ ನೆನಪಾದದ್ದು ಅಂಕಲಗಿಯ ಒಬ್ಬ ತಂದೆ. ಮಗಳ ಅಂಗವಿಕಲ ಪ್ರಮಾಣಪತ್ರದ ಸಲುವಾಗಿ ಶಿಬಿರಕ್ಕೆ ಬಂದಿದ್ದ. ಒಮ್ಮೆ ಡಾಕ್ಟರು ಬಂದಿರಲಿಲ್ಲ. ಇನ್ನೊಮ್ಮೆ ಡಾಕ್ಟರು ಬಂದಿದ್ದರು, ಫಾರ್ಮು ಬಂದಿರಲಿಲ್ಲ. ಮತ್ತೊಮ್ಮೆ ಎರಡೂ ಬಂದಿದ್ದವು, ಅಷ್ಟು ಹೊತ್ತಿಗೆ ಮಗಳು ಗದ್ದಲಕ್ಕೆ ಹೆದರಿ ಮಂಟಪದ ಹಿಂದೆ ಅಡಗಿ ಕೂತಿದ್ದಳು. ಡಾಕ್ಟರು ತಂದೆಯನ್ನು ನಾಲ್ಕು ಪ್ರಶ್ನೆ ಕೇಳಿ ಬರೆದುಕೊಂಡರು. ಹುಡುಗಿಯ ಮುಖವನ್ನು ಫೋಟೋದಲ್ಲಿ ನೋಡಿದರು.

ಮೂರನೆಯ ದಿನ: ಕೆಂಪು ಕಾರ್ಡು

ಆ ಏಳು ಜನ ವಾರಕ್ಕೊಮ್ಮೆ ಗ್ರಂಥಾಲಯದ ಒಂದು ಕೋಣೆಯಲ್ಲಿ ಸೇರುತ್ತಾರೆ. ಪುರಸಭೆಯ ಹೊಸ ಪತ್ರ, ಬಸ್ ಸ್ಟಾಪಿನ ಹೊಸ ಬೋರ್ಡು, ಆಸ್ಪತ್ರೆಯ ಹೊಸ ಫಾರ್ಮು, ಎಲ್ಲವೂ ಮೊದಲು ಅವರ ಮುಂದೆ ಬರಬೇಕು. ತಿಳಿಯಲಿಲ್ಲ ಎಂದರೆ ವಾಪಸು. ಅಧಿಕಾರಿ ಮತ್ತೆ ಬರೆದು ತರಬೇಕು. ಅಧಿಕಾರಿಯ ಕಾಗದವನ್ನು ಮಳ್ಳರು ತಿರಸ್ಕರಿಸುತ್ತಾರೆ! ನಮ್ಮ ಸಾಹೇಬರೊಬ್ಬರ ಮುಖ ಕಣ್ಣ ಮುಂದೆ ಬಂದು ನಗು ತಡೆಯಲಾಗಲಿಲ್ಲ.

ಬರಿಗೈಯಲ್ಲಿ ಹೋಗಬಾರದೆಂದು ಗೋಕಾಕದ ಕರದಂಟಿನ ಡಬ್ಬಿ ಒಯ್ದಿದ್ದೆ. ತೆಗೆದು ಕೈಕೈಗೆ ಹಂಚತೊಡಗಿದ್ದೇ ತಡ, ಹೆಲೆನ್ ಎದ್ದು ಓಡಿ ಬಂದಳು. ಇದರಲ್ಲಿ ಗೋಡಂಬಿ, ಬಾದಾಮಿ ಏನಾದರೂ ಇದೆಯೇ? ಇದೆ ಎಂದೆ ಹೆಮ್ಮೆಯಿಂದ. ಕೀತ್ ಎಂಬವನಿಗೆ ಅವು ಆಗುವುದಿಲ್ಲವಂತೆ, ಉಸಿರೇ ನಿಲ್ಲುತ್ತದಂತೆ. ಹಂಚಿದ್ದೆಲ್ಲ ವಾಪಸು ಡಬ್ಬಿಗೆ, ಡಬ್ಬಿ ಹೊರಗೆ, ಎಲ್ಲರೂ ಕೈ ತೊಳೆದು ಬಂದರು. ಗೋಡಂಬಿ, ಬಾದಾಮಿ ಬೇಡವೆಂದರೆ ಕರದಂಟಿನಲ್ಲಿ ಉಳಿಯುವುದು ಬರೀ ಅಂಟು.

ಅದರ ಬೆನ್ನಿಗೇ ಎರಡನೆಯ ತಪ್ಪು ಮಾಡಿದೆ. ನೋರಾ ಎಂಬಾಕೆ ಮಾತಾಡುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಗುಂಗುರು ಬಿಳಿಗೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಕೀಲಿ. ಹಲ್ಲಿನ ಡಾಕ್ಟರ ಬಗ್ಗೆ ಹೇಳುತ್ತಿದ್ದಳು.

"ನನಗೆ... ಅಲ್ಲಿ... ಕೂತಾಗ..."

ನಿಂತಳು. ತುಟಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ನನಗೆ ಕಾಯುವ ರೂಢಿಯಿಲ್ಲ. ಇಂಥವರ ಮಾತು ಪೂರ್ತಿ ಮಾಡಿಕೊಡುವುದೇ ನಮ್ಮಲ್ಲಿ ಪ್ರೀತಿ. "ಭಯವಾಗುತ್ತದೆ, ಅಲ್ಲವೇ?" ಎಂದೆ.

ನೋರಾ ಮೇಜಿನ ಮೇಲಿನ ಕೆಂಪು ಕಾರ್ಡೊಂದನ್ನು ಎತ್ತಿ ನನ್ನ ಕಡೆ ಹಿಡಿದಳು. ಅತಿಥಿಗೆ ಏನೋ ಕಾಣಿಕೆ ಕೊಡುತ್ತಿದ್ದಾಳೆ ಎಂದುಕೊಂಡು ಎದ್ದು ಹೋಗಿ ಎರಡೂ ಕೈಯಿಂದ ತೆಗೆದುಕೊಂಡೆ, ತಲೆ ಬಾಗಿಸಿ ಥ್ಯಾಂಕ್ಸ್ ಬೇರೆ ಹೇಳಿದೆ. ಕೋಣೆಯೆಲ್ಲ ಹೋ ಎಂದು ನಕ್ಕಿತು. ನೋರಾಳಿಗಂತೂ ಕಣ್ಣೀರು ಬಂತು.

ಕಾರ್ಡೆಂದರೆ ಬಾಯಿ ಮುಚ್ಚಿ ಎಂದರ್ಥ. ಯಾರಾದರೂ ಬಿರುಸಾಗಿ ಮಾತಾಡಿದರೆ, ಅಥವಾ ನಡುವೆ ಬಾಯಿ ಹಾಕಿದರೆ, ಕಾರ್ಡು ಎತ್ತಬೇಕು. ಆಗ ಎಂಥ ದೊಡ್ಡ ಮನುಷ್ಯನಾದರೂ ನಿಲ್ಲಿಸಬೇಕು. ಎತ್ತಿದವರು ಹೇಳುವುದು ಮುಗಿಯುವವರೆಗೆ ಯಾರೂ ಉಸಿರೆತ್ತುವಂತಿಲ್ಲ.

ಕಾದೆವು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಹಾಕಿತು.

"ಅಲ್ಲಿ ಕುರ್ಚಿ... ತಣ್ಣಗಿರುತ್ತೆ," ಎಂದಳು ನೋರಾ.

ಹೆಲೆನ್ ಬರೆದುಕೊಂಡಳು: ಕುರ್ಚಿಗೆ ಬಟ್ಟೆ ಹಾಸಬೇಕು. ಭಯ ಅಲ್ಲವೇ ಅಲ್ಲ. ನಾನು ಇಷ್ಟು ವರ್ಷ ಮೂರು ತಾಲೂಕಿನ ಮನೆಮನೆಯಲ್ಲಿ ಎಷ್ಟು ತಣ್ಣನೆಯ ಕುರ್ಚಿಗಳನ್ನು ಭಯ ಎಂದು ಬರೆದುಕೊಂಡು ಬಂದಿರಬಹುದು? ನನ್ನ ರಜಿಸ್ಟರಿನಲ್ಲಿ ಮಗುವಿನ ಪ್ರತಿಕ್ರಿಯೆ ಎಂದೊಂದು ಕಾಲಂ ಇದೆ. ಎಲ್ಲ ಮಕ್ಕಳಿಗೂ ಎಲ್ಲ ತಿಂಗಳೂ "ಸಮಾಧಾನಕರ" ಎಂದು ಬರೆಯುತ್ತೇನೆ. ಎಷ್ಟೋ ಸಲ ಬಸ್ಸಿನಲ್ಲಿ ಕೂತೇ ತುಂಬಿದ್ದುಂಟು.

ಸಭೆ ಮುಗಿದ ಮೇಲೆ ನೋರಾ ಆ ಕಾರ್ಡನ್ನು ನನಗೇ ಕೊಟ್ಟುಬಿಟ್ಟಳು. ಈ ಸಲ ನಿಜವಾದ ಕಾಣಿಕೆ.

ಆರನೆಯ ದಿನ: ನೋರಾಳ ಮನೆ

ನೋರಾ ಚಹಾಕ್ಕೆ ಕರೆದಿದ್ದಳು. ಹೆಲೆನ್ ಬಾಗಿಲವರೆಗೆ ಬಿಟ್ಟು ಹೋದಳು. ಬಾಗಿಲು ತೆರೆದೇ ಇತ್ತು, ನಾನು ಸೀದಾ ಒಳಗೆ ಹೋದೆ. ನಮ್ಮಲ್ಲಿ ತೆರೆದ ಬಾಗಿಲೆಂದರೆ ಬಾ ಎಂದೇ ಅರ್ಥ. ನೋರಾ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಗಂಟೆ ಒತ್ತಿದೆ. ಅವಳು ತೆರೆದು, ಈಗ ತಾನೇ ನೋಡಿದವಳ ಹಾಗೆ "ಬನ್ನಿ" ಎಂದಳು. ಮನೆ ಅವಳದು, ಬನ್ನಿ ಎನ್ನುವುದು ಅವಳ ಹಕ್ಕು.

ಚಹಾ ಮಾಡುವ ಜಾಗದಲ್ಲಿ ಗೋಡೆಗೆ ನಾಲ್ಕು ಚಿತ್ರ ಅಂಟಿಸಿತ್ತು. ಒಂದೊಂದನ್ನೇ ಬೆರಳಿಟ್ಟು ನೋಡಿ ಮಾಡಿದಳು. ಕುದಿಯುವ ನೀರು ಕಪ್ಪಿಗೆ ಸುರಿಯುವಾಗ ಕೈ ನಡುಗಿತು. ನಾನು ಎರಡು ಸಲ ಏಳಹೋಗಿ, ಕೊನೆಗೆ ನನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಚಹಾ ಎನ್ನುವುದು ಬರೀ ಬಣ್ಣದ ನೀರಾಗಿತ್ತು. ಎರಡು ಕಪ್ಪು ಕುಡಿದೆ.

ಆ ಊರಿನಲ್ಲಿ ನನಗೆ ಪೂರ್ತಿ ತಿಳಿಯುತ್ತಿದ್ದ ಇಂಗ್ಲಿಷು ಅವಳದೊಂದೇ. ಅವಳೂ ನಿಧಾನ, ನಾನೂ ನಿಧಾನ. ಅವ್ವನ ಪ್ರಶ್ನೆ ಕೇಳಲು ಇದೇ ಸರಿಯಾದ ಜಾಗ ಎನ್ನಿಸಿತು. ಗೋಡೆಯ ಮೇಲಿನ ಅವಳ ಅಮ್ಮನ ಫೋಟೋ ತೋರಿಸಿ, ಅಮ್ಮ ಹೋದ ಮೇಲೆ ನಿನ್ನನ್ನು ಯಾರು ನೋಡಿಕೊಂಡರು ಎಂದು ಕೇಳಿದೆ.

"ಅಮ್ಮ ಸತ್ತಳು. ಮಂಗಳವಾರ," ಎಂದಳು. "ಆಮೇಲೆ ಪುರಸಭೆಯಿಂದ ಮೂವರು ಬಂದರು. ಅಲ್ಲಿ ಕೂತರು. ನೋರಾ, ನೀನು ಎಲ್ಲಿ ಇರ್ತೀ ಅಂತ ಕೇಳಿದರು." ತಡೆದು, ಎದೆಯ ಮೇಲಿನ ಕೀಲಿ ಮುಟ್ಟಿಕೊಂಡಳು. "ನನ್ನನ್ನ ಕೇಳಿದರು. ನಾನು ಇಲ್ಲೇ ಅಂದೆ."

ಪ್ಯಾಟ್ ಎಂಬ ಸಹಾಯಕಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಹೋಗುತ್ತಾಳೆ. ಉಳಿದಂತೆ ನೋರಾಳ ಮನೆ ನೋರಾಳದು.

ನಾನು ಬಾಳುವಿನ ವಿಷಯ ಹೇಳಿದೆ. ಆಮೇಲೆ ಅವಳು ಪ್ರಶ್ನೆ ಕೇಳತೊಡಗಿದಳು.

"ಅವನಿಗೆ ಕೀಲಿ ಇದೆಯಾ?"

"ಇಲ್ಲ. ನಮ್ಮ ಮನೆಗೆ ಕೀಲಿಯನ್ನೇ ಹಾಕುವುದಿಲ್ಲ."

ಅದು ಅವಳಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಮಾತು ಬದಲಿಸಲು ನಾನು ಮೇಷ್ಟರ ಗತ್ತಿನಿಂದ ಹೇಳಿದೆ: ನಮ್ಮ ಕಡೆ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಹಿರಿಯ ಸಹೋದರನಿಗೆ ಅಣ್ಣ ಎನ್ನುತ್ತೇವೆ, ಅದು ಗೌರವ.

"ಅಣ್ಣ," ಎಂದು ನೋರಾ ಹೇಳಿ ನೋಡಿದಳು. "ನೀನು ಅವನಿಗೆ ಅಣ್ಣ ಅಂತೀಯಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಇಲ್ಲ. ಬಾಳೂ ಅಂತೀನಿ."

"ಅದು ತಪ್ಪು," ಎಂದಳು. ಆಮೇಲೆ ಬಿಸ್ಕತ್ತು ಕೊಟ್ಟಳು.

ಹತ್ತನೆಯ ದಿನ: ಒಳ್ಳೆಯ ಪ್ರಶ್ನೆ

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಪ್ರವಾಸ ಕಥನವಾಗುತ್ತಿತ್ತು. ಅವರಲ್ಲಿ ಹಾಗಿದೆ, ನಮ್ಮಲ್ಲಿ ಹೀಗಿದೆ, ನಾವೂ ಕಲಿಯೋಣ ಎಂದು ಬರೆದು ಮುಗಿಸಬಹುದಿತ್ತು.

ಹತ್ತನೆಯ ದಿನ ಗ್ರಂಥಾಲಯದ ಕೋಣೆಗೆ ಪುರಸಭೆಯ ಅಧಿಕಾರಿಯೊಬ್ಬ ಬಂದ. ಬೂದು ಸ್ವೆಟರಿನ, ಮೆದು ಮಾತಿನ ಮನುಷ್ಯ. ಎಲ್ಲರ ಕೈಗೂ ಒಂದೊಂದು ಕಾಗದ ಕೊಟ್ಟ. ದೊಡ್ಡ ಅಕ್ಷರ, ಸಣ್ಣ ವಾಕ್ಯ, ಪಕ್ಕದಲ್ಲಿ ಚಿತ್ರ. ನಾನೂ ಓದಿದೆ. ಈ ಕೋಣೆ ಮುಚ್ಚುತ್ತದೆ: ಬಾಗಿಲಿನ ಚಿತ್ರ. ಸಂಜೆ ಸಹಾಯಕರು ಬರುವುದಿಲ್ಲ: ಅರ್ಧಚಂದ್ರನ ಚಿತ್ರ. ಒಬ್ಬರೇ ಇರುವವರು ಬೇರೆ ಊರಿನ ಮನೆಯಲ್ಲಿ ಬೇರೆಯವರ ಜೊತೆ ಇರಬೇಕಾಗಬಹುದು: ನಗುಮುಖದ ಒಂದು ಮನೆಯ ಚಿತ್ರ. ಪುರಸಭೆಗೆ ಅನುದಾನ ಕಡಿಮೆಯಾಗಿದೆಯಂತೆ. ಕೆಟ್ಟ ಸುದ್ದಿಯನ್ನು ಇಷ್ಟು ಚೆನ್ನಾಗಿ ತಿಳಿಯುವಂತೆ ಬರೆದದ್ದನ್ನು ನಾನು ಹಿಂದೆಂದೂ ಓದಿರಲಿಲ್ಲ.

ಅವನು ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಏಳು ಕಾರ್ಡುಗಳೂ ಮೇಲೆದ್ದವು. ಏಳಕ್ಕೆ ಏಳು. ನನ್ನ ಚೀಲದಲ್ಲಿದ್ದ ಎಂಟನೆಯದನ್ನೂ ಎತ್ತಬೇಕೆನ್ನಿಸಿತು, ಅತಿಥಿ ಎಂದು ಸುಮ್ಮನಾದೆ.

ಅವನು ನಿಯಮದಂತೆ ನಿಲ್ಲಿಸಿದ. ಕೈ ಕಟ್ಟಿಕೊಂಡು ಕಾದ. ನೋರಾಳಿಗೆ ಮಾತು ಸಿಗಲು ಬಹಳ ಹೊತ್ತು ಬೇಕಾಯಿತು.

"ನನ್ನ ಕೀಲಿ... ಅಲ್ಲಿ... ಆಗುತ್ತಾ?"

"ಬಹಳ ಒಳ್ಳೆಯ ಪ್ರಶ್ನೆ ನೋರಾ, ಥ್ಯಾಂಕ್ಸ್," ಎಂದ ಅಧಿಕಾರಿ. ನಿಜವಾಗಿಯೂ ಮೆಚ್ಚಿಕೊಂಡ ದನಿಯಲ್ಲೇ ಹೇಳಿದ. ಬರೆದುಕೊಂಡ. ಎಲ್ಲರ ಪ್ರಶ್ನೆಯನ್ನೂ ಹೀಗೇ ಕಾದು ಬರೆದುಕೊಂಡ. ಆಮೇಲೆ ಮೂರನೆಯ ಪುಟ ತಿರುವಿದ.

ಹೆಲೆನ್ ಅಂದು ಹೊರಗೆ ಬರುವಾಗ ಬಾಗಿಲು ತೆರೆಯುತ್ತೇನೆ ಎಂದು ಹೇಳಲಿಲ್ಲ, ಸುಮ್ಮನೆ ತೆರೆದಳು. ನಾನು ನೋರಾಳನ್ನು ಅಪ್ಪಿಕೊಂಡೆ. ಕೀಲಿ ನನ್ನ ಎದೆಗೆ ಒತ್ತಿತು. ಮರುದಿನ ವಿಮಾನ.

ಮರಳಿ ಕೊಣ್ಣೂರಕ್ಕೆ

"ಏನಂದ್ರು?" ಎಂದಳು ಅವ್ವ. ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

"ಅವರನ್ನ ಕೇಳ್ತಾರವ್ವ. ಅವ್ವ ಹ್ವಾದ ಮ್ಯಾಲ ಬಂದು, ನೀ ಎಲ್ಲಿರ್ತಿ ಅಂತ ಅವರನ್ನ ಕೇಳ್ತಾರ."

ಹತ್ತನೆಯ ದಿನದ ಸಂಗತಿ ಹೇಳಲಿಲ್ಲ. ಅವ್ವ ನಕ್ಕಳು, ನಗುವಿಗೂ ಉಸಿರು ಸಾಲಲಿಲ್ಲ.

"ಬಾಳೂನ ಕೇಳಿದ್ರ ಏನಂತಾನ?"

"ಇಲ್ಲೇ ಅಂತಾನ."

"ಮತ್ತ ಯಾಂವ ಕೇಳಾಂವ ಇಲ್ಲೆ?"

"ನಾ ಕೇಳ್ತೀನವ್ವ."

"ನನ್ನ ಮ್ಯಾಲ ಕೈ ಇಟ್ಟ ಹೇಳು."

ಇಟ್ಟು ಹೇಳಿದೆ.

ಬಂದ ಹುರುಪಿನಲ್ಲಿ ಮೂರೂ ತಾಲೂಕಿನಲ್ಲಿ ಅಡ್ಡಾಡಿದೆ. ಶಿಬಿರದ ನೋಟೀಸಿಗೆ ಚಿತ್ರ ಹಾಕಿಕೊಂಡು ಒಂದು ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ತಿರುವಿ ನೋಡಿದರು. "ಚಿತ್ರ ಯಾಕ್ರಿ ಮೇಡಂ, ಅವ್ರೇನ್ ಓದ್ತಾರೇನ್ರಿ? ಪಾಲಕರ ಸಹಿ ಇದ್ರ ಮುಗೀತಲ್ಲ." ದೊಡ್ಡವರಾದವರು ಹಗಲು ಹೊತ್ತು ಬಂದು ಕೂರಲು ಒಂದು ಕೋಣೆ ಕೊಡಿ ಎಂದು ಕೇಳಿದೆ. ಬರೆದು ಕೊಡ್ರಿ ಎಂದರು. ಬರೆದು ಕೊಟ್ಟೆ. ಅದು ಎಲ್ಲಿ ಹೋಯಿತೋ ಬಲ್ಲವರಿಲ್ಲ. ಹುಕ್ಕೇರಿ ಕಡೆಯ ಆ ಹುಡುಗಿಗೆ ಹದಿನೆಂಟು ತುಂಬಿತು, ಗೆರೆ ಎಳೆದೆ. ಸೀರೆ ಇನ್ನೂ ಹೊರಸಿನ ಕಾಲಿಗಿದೆ.

ನಡೆದದ್ದು ಒಂದೇ. ಬಾಳುವಿಗೆ ಕೆಂಪು ಕಾರ್ಡು ಕೊಟ್ಟು ಕಲಿಸಿದೆ. ಮೂರು ದಿನಕ್ಕೆ ಕಲಿತ. ಅದೇ ಮನೆಯಲ್ಲಿರುವ ನಮ್ಮ ತಮ್ಮ ಮಲ್ಲೇಶಿಯ ಗಾಡಿಯ ಹಾರ್ನಿಗೆ ಎತ್ತಿದ, ಟೀವಿಯಲ್ಲಿ ಅಳುವ ಹೆಂಗಸಿಗೆ ಎತ್ತಿದ. ಅವ್ವ ಸ್ನಾನ ಮಾಡೋ ಎಂದು ಬೈಯುವಾಗಲೂ ಎತ್ತಿದ. ಅವ್ವ ತಕ್ಷಣ ನಿಲ್ಲಿಸಿ, "ಹೇಳಪಾ ನನ್ನ ರಾಜಾ," ಎಂದು ಕೈ ಕಟ್ಟಿ ಕಾಯುತ್ತಿದ್ದಳು. ಅವನು ತಡವರಿಸಿ ತಡವರಿಸಿ ಕೊನೆಗೆ, "ಚಾ," ಎನ್ನುತ್ತಿದ್ದ. ಮೂರು ತಾಲೂಕಿನಲ್ಲಿ ಆ ಕಾರ್ಡಿಗೆ ಬೆಲೆ ಕೊಟ್ಟವಳು ಅವ್ವ ಒಬ್ಬಳೇ.

ಶ್ರಾವಣದಲ್ಲಿ ಅವ್ವ ಹೋದಳು. ಶಿವಗಣಾರಾಧನೆ ಮುಗಿದ ಮರುದಿನ ಮಲ್ಲೇಶಿ, ಅಂಕಲಗಿಯ ಕಾಕಾ ಮತ್ತು ನಾನು ಪಡಸಾಲೆಯಲ್ಲಿ ಕೂತೆವು. ಬಾಳು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ.

"ಅಕ್ಕಾ, ನಿನಗ ಗೊತ್ತೈತಿ," ಎಂದ ಮಲ್ಲೇಶಿ. "ನಮ್ಮ ಹುಡುಗನ ಲಗ್ನ ಕೂಡೇತಿ. ಹೆಣ್ಣಿನ ಕಡಿಯವರು ಒಂದ ಮಾತ ಅಂದಾರ. ಅಂವ ಮನ್ಯಾಗ ಇದ್ರ ಹೆಂಗ ಅಂತ. ನಾ ಕೆಟ್ಟವ ಅಲ್ಲಕ್ಕಾ."

ಅವನು ಕೆಟ್ಟವನಲ್ಲ. ನನ್ನ ಮನೆ ಗೋಕಾಕದಲ್ಲಿ ಎರಡು ಕೋಣೆ, ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ. ನಾನು ಏಳಕ್ಕೆ ಹೊರಟರೆ ಸಂಜೆಗೆ ಬರುವವಳು. ನಡುವಿನ ಹೊತ್ತು ಬಾಳುವನ್ನು ನೋಡಿಕೊಳ್ಳುವ ಒಂದು ಕೋಣೆ, ಒಬ್ಬ ಮನುಷ್ಯ ಇಡೀ ತಾಲೂಕಿನಲ್ಲಿಲ್ಲ. ಎಲ್ಲ ಕಾರಣಗಳೂ ಖರೆ. ಸುಳ್ಳಾಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ದೂರದ ಊರಿನಲ್ಲಿ ಇಂಥವರ ಆಶ್ರಮವೊಂದಿತ್ತು, ಎರಡು ಬಸ್ ಬದಲಿ ಮಾಡಿ ಹೋಗಬೇಕು. ನಾನೇ ಹೋಗಿ ನೋಡಿ ಬಂದಿದ್ದೆ. ಈ ವಿಷಯದಲ್ಲಿ ಮನೆಯಲ್ಲಿ ತಿಳಿದವಳೆಂದರೆ ನಾನು, ಅದರಲ್ಲೂ ಇಂಗ್ಲೆಂಡಿಗೆ ಹೋಗಿ ಬಂದವಳು.

"ಚಲೋ ಐತ್ರಿ ಕಾಕಾ," ಎಂದು ಶುರು ಮಾಡಿದೆ. "ಹೊತ್ತಿಗೆ ಊಟ ಕೊಡ್ತಾರ. ಗೇಟಿಗೆ ಕೀಲಿ ಇರತೈತಿ, ರಸ್ತೇಕ ಬರೂ ಅಂಜಿಕಿ ಇಲ್ಲ. ಬಾಳೂಗ ಅಲ್ಲೆ..."

ಬಾಗಿಲ ಹತ್ತಿರ ಕೆಂಪು ಕಾರ್ಡು ಮೇಲೆದ್ದಿತು.

"ಏನೋ ಅದು?" ಎಂದರು ಕಾಕಾ. ಮಲ್ಲೇಶಿ ನನ್ನ ಮುಖ ನೋಡಿದ. ಆ ಆಟ ತಂದವಳು ನಾನೇ, ಅದರ ನಿಯಮ ಗೊತ್ತಿದ್ದವಳೂ ನಾನೇ. ಬಾಳುವಿನ ತುಟಿ ಆಡುತ್ತಿತ್ತು. ಒಂದು ನಿಮಿಷ ಬೇಕಾಗಿತ್ತು ಅವನಿಗೆ, ಹೆಚ್ಚೆಂದರೆ ಎರಡು. ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಅವನು ಅದನ್ನು ಹೇಳಿಬಿಟ್ಟರೆ ನಾನು ಏನು ಮಾಡಲಿ?

"ಅಣ್ಣಾ," ಎಂದೆ. "ಕೈ ಇಳಸು. ಸ್ವಲ್ಪ ಸುಮ್ನ ಕುಂಡ್ರು."

ಹುಟ್ಟಿದಾಗಿನಿಂದ ಮೊದಲ ಸಲ ಅವನನ್ನು ಅಣ್ಣ ಎಂದೆ, ಬಾಯಿ ಮುಚ್ಚಿಸುವುದಕ್ಕೆ. ಅವನು ಬೆರಗಾಗಿ ನನ್ನನ್ನು ನೋಡಿದ. ನಕ್ಕ ಕೂಡ. ತಟ್ಟನೆ ಕೈ ಇಳಿಸಿದ. ನಾನು ನನ್ನ ವಾಕ್ಯ ಪೂರ್ತಿ ಮಾಡಿದೆ.

ಸೋಮವಾರ ಮುಂಜಾನೆ ಬಾಳುವಿನ ಬಟ್ಟೆಯ ಚೀಲ ಹಿಡಿದು ಅವನೂ ನಾನೂ ಬಸ್ ಸ್ಟಾಪಿಗೆ ಬಂದೆವು. ತಿರುವಿನಲ್ಲಿ ಏನೂ ಕಾಣುತ್ತಿರಲಿಲ್ಲ. ಬಾಳು ಕಿವಿಗೊಟ್ಟ, ಮುಖ ಅರಳಿತು.

"ಬಂತ್ರೀ, ಗೋಕಾಕ ಬಂತ್ರೀ! ದಾರಿ ಬಿಡ್ರಿ!"

ಬಸ್ಸು ಬಂದು ನಿಂತಿತು. ಜನ ಹತ್ತಿದರು. ಬಾಳು ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದು, ಬಸ್ಸು ಹೋಗಲೆಂದು ಕಾಯುತ್ತ ನಿಂತ. ಹತ್ತು ಎಂದೆ. ಬೇರೆ ಯಾರಿಗೋ ಹೇಳಿದೆನೇನೋ ಎಂದು ಹಿಂದೆ ತಿರುಗಿ ನೋಡಿದ. ಕಂಡಕ್ಟರನಿಗೆ ನಮ್ಮ ಮನೆಯ ಸುದ್ದಿ ಗೊತ್ತಿತ್ತು. ಸೀಟಿಯನ್ನು ಬಾಯಿಂದ ತೆಗೆದು, "ಅವಸರ ಇಲ್ರಿ ಅಕ್ಕಾರ, ಹತ್ತಲಿ," ಎಂದ. ಡ್ರೈವರು ಇಂಜಿನ್ನು ಆರಿಸಿದ. ಒಳಗಿದ್ದವರು ಯಾರೂ ಗೊಣಗಲಿಲ್ಲ.

ನೀ ಎಲ್ಲಿರ್ತಿ ಅಂತ ಆಗಲೂ ಕೇಳಬಹುದಿತ್ತು, ಬಸ್ಸು ಅವನಿಗಾಗಿ ಕಾಯುತ್ತಿತ್ತು. ನಾನು ಅವನ ರಟ್ಟೆ ಹಿಡಿದು ಹತ್ತಿಸಿದೆ.